ಒಂದು ಚಮಚ ಬೆಳ್ಳಿ

ಅಕ್ಕನ ಕೈಗೆ ಅಳತೆ ಎಂಬುದೇ ಗೊತ್ತಿರಲಿಲ್ಲ. ಚಹಾಕ್ಕೆ ಎರಡು ಚಮಚ ಸಕ್ಕರೆ ಸಾಕು ಎಂದರೆ ಮೂರು ಬೀಳುತ್ತಿತ್ತು. ಕೆಮ್ಮಿನ ಔಷಧಿ ಒಂದು ಮುಚ್ಚಳ ಎಂದು ಸೀಸೆಯ ಮೇಲೆ ಬರೆದಿದ್ದರೆ, "ಬರೆದೋರು ನಮ್ಮ ಪುಟ್ಟಿ ಕೆಮ್ಮೋದು ಕೇಳಿದಾರಾ?" ಎಂದು ಇನ್ನರ್ಧ ಮುಚ್ಚಳ ಬಾಯಿಗೆ ಸುರಿಯುತ್ತಿದ್ದಳು. ಅಮ್ಮ ತೀರಿಕೊಂಡಾಗ ಪುಟ್ಟಿಗಿನ್ನೂ ತನ್ನ ಜಡೆ ತಾನೇ ಹೆಣೆದುಕೊಳ್ಳಲು ಬರುತ್ತಿರಲಿಲ್ಲ. ಅಂದಿನಿಂದ ಅಕ್ಕನೇ ಅವಳಿಗೆ ಅಮ್ಮ, ಅಪ್ಪ, ಡಾಕ್ಟರು, ಪೊಲೀಸು ಎಲ್ಲ. ಈಗ ಪುಟ್ಟಿಗೆ ನಲವತ್ತು ದಾಟಿದೆ, ಕಿವಿಯ ಪಕ್ಕ ನರೆ ಇಣುಕಿದೆ, ಆದರೂ ಅಕ್ಕನ ಬಾಯಲ್ಲಿ ಅವಳು ಪುಟ್ಟಿಯೇ. ನಾವೂ ಹಾಗೆಯೇ ಕರೆಯೋಣ. ತೀರಾ ಪ್ರೀತಿ ಇರುವವರ ಕೈಗೆ ಚಮಚ ಕೊಡಬಾರದು ಎಂದು ಯಾರಾದರೂ ಆ ಮನೆಯಲ್ಲಿ ಮೊದಲೇ ಹೇಳಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಯಾರೂ ಹೇಳಲಿಲ್ಲ.

ಮುಂದೆ ಅಂಗಡಿ, ಹಿಂದೆ ಮನೆ, ನಡುವೆ ಒಂದು ಪರದೆ. ಅಕ್ಕ ಹೆಂಗಸರ ಕೂದಲು ಕತ್ತರಿಸುತ್ತಿದ್ದಳು. ಎರಡು ತಿರುಗುವ ಕುರ್ಚಿ, ಅಂಚು ಕಪ್ಪಾದ ಉದ್ದನೆಯ ಕನ್ನಡಿ, ಗಾಜಿನ ಲೋಟದಲ್ಲಿ ಮುಳುಗಿಸಿಟ್ಟ ಬಾಚಣಿಗೆಗಳು. ಬೆಳಗಿನಿಂದ ಸಂಜೆಯವರೆಗೆ ನಿಂತೇ ಮಾಡುವ ಕೆಲಸ. "ಕೂತ್ಕೊಂಡು ಕೂದಲು ಕತ್ತರಿಸೋಳು ಕಿವಿ ಕತ್ತರಿಸ್ತಾಳೆ" ಎನ್ನುವುದು ಅವಳ ಮಾತು. ಕತ್ತರಿಗಿಂತ ನಾಲಗೆ ಚುರುಕು. ಬಂದವರು ತಲೆಯ ಭಾರ ಇಳಿಸಿ, ಊರ ಸುದ್ದಿ ತುಂಬಿಕೊಂಡು ಹೋಗುತ್ತಿದ್ದರು.

ಪುಟ್ಟಿಯ ಕೆಲಸ ಬಸ್ಸಿನ ಕೊನೆಯ ನಿಲ್ದಾಣದ ಹತ್ತಿರದ ಕಾರ್ಖಾನೆಯಲ್ಲಿ. ಮುರಿದ, ಸವೆದ ಮೂಳೆಗಳ ಜಾಗದಲ್ಲಿ ಕೂರಿಸುವ ಲೋಹದ ಕೀಲು, ಪಟ್ಟಿ, ತಿರುಪುಗಳನ್ನು ಅಲ್ಲಿ ಮಾಡುತ್ತಾರೆ. ಜನರ ಬಾಯಲ್ಲಿ ಅದು ಮೂಳೆ ಕಾರ್ಖಾನೆ. ಪುಟ್ಟಿ ಅಲ್ಲಿ ಲೇಪನದ ಕೋಣೆಯವಳು. ಮೈಯೊಳಗೆ ಹೋಗುವ ಲೋಹಕ್ಕೆ ಒಂದು ಕಷ್ಟವಿದೆ: ಅದರಲ್ಲಿ ರಕ್ತ ಹರಿಯುವುದಿಲ್ಲ. ಅದರ ಮೇಲೆ ಹೋಗಿ ಕೂತ ಕ್ರಿಮಿಯನ್ನು ಮಾತ್ರೆಯಾಗಲಿ ಚುಚ್ಚುಮದ್ದಾಗಲಿ ಸುಲಭವಾಗಿ ಮುಟ್ಟುವುದಿಲ್ಲ. ಬಾಡಿಗೆ ಕೊಡದೆ ಒಳಗಿನಿಂದ ಚಿಲಕ ಹಾಕಿಕೊಂಡವರ ಹಾಗೆ ಕೂತುಬಿಡುತ್ತದೆ. ಅದಕ್ಕೇ ಲೋಹಕ್ಕೆ ಮೊದಲೇ ಬೆಳ್ಳಿಯ ಲೇಪ ಹಾಕುವುದು. ಬೆಳ್ಳಿ ಕ್ರಿಮಿಯನ್ನು ಕೊಲ್ಲುತ್ತದೆ. ತೊಟ್ಟಿಯ ದ್ರವದಲ್ಲಿ ಕೀಲನ್ನು ಇಳಿಬಿಟ್ಟು, ವಿದ್ಯುತ್ ಹರಿಸಿ, ಗಂಟೆ ಹೊಡೆದ ಕೂಡಲೇ ಎತ್ತಬೇಕು. ಅಷ್ಟರಲ್ಲಿ ಕೂದಲೆಳೆಗಿಂತ ಎಷ್ಟೋ ತೆಳ್ಳಗಿನ ಬೆಳ್ಳಿ ಹತ್ತಿಕೊಂಡಿರುತ್ತದೆ.

"ನೋಡ್ರಮ್ಮಾ ನಮ್ಮನೆ ನ್ಯಾಯ" ಎಂದು ಅಕ್ಕ ಗಿರಾಕಿಗಳ ಮುಂದೆ ಆಡಿಕೊಳ್ಳುತ್ತಿದ್ದಳು. "ನಾನು ದಿನವೆಲ್ಲ ಕೂದಲು ಕತ್ತರಿಸ್ತೀನಿ. ಇವಳು ಕೂದಲಿಗಿಂತ ತೆಳ್ಳಗಿರೋದನ್ನ ಬಳಿದು ನನಗಿಂತ ಜಾಸ್ತಿ ಸಂಬಳ ತರ್ತಾಳೆ!" ಹಾಗೆ ಹೇಳುವಾಗ ಅವಳ ಮುಖ ನೋಡಬೇಕಿತ್ತು. ಹೆತ್ತವರಿಗೂ ಅಷ್ಟು ಹೆಮ್ಮೆ ಇರುತ್ತದೋ ಇಲ್ಲವೋ.

ಆ ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ಪ್ರತಿ ಕೀಲಿನ ಜೊತೆ ಅದೇ ಲೋಹದ, ಅಂಗಿಯ ಗುಂಡಿಯಷ್ಟು ಅಗಲದ ಒಂದು ಬಿಲ್ಲೆಯನ್ನೂ ತೊಟ್ಟಿಗೆ ಇಳಿಬಿಡುತ್ತಿದ್ದರು. ಕೀಲನ್ನು ಕತ್ತರಿಸಿ ನೋಡುವಂತಿಲ್ಲ, ಅದು ಯಾರದೋ ಮೈಗೆ ಹೋಗಬೇಕು. ಬಿಲ್ಲೆಯನ್ನು ಕತ್ತರಿಸಬಹುದು. ಎರಡೂ ಒಟ್ಟಿಗೆ ಮುಳುಗಿ ಒಟ್ಟಿಗೆ ಏಳುವುದರಿಂದ ಬಿಲ್ಲೆಯ ಮೇಲೆ ಏನಿದೆಯೋ ಕೀಲಿನ ಮೇಲೂ ಅದೇ. ಅದನ್ನು ಸಾಕ್ಷಿಬಿಲ್ಲೆ ಎನ್ನುತ್ತಿದ್ದರು. ಪರೀಕ್ಷೆಯ ಕೋಣೆಯ ಮೇಷ್ಟ್ರು ಅದನ್ನು ನೋಡಿ ಹೂಂ ಎಂದರೆ ಕೀಲು ಆಸ್ಪತ್ರೆಗೆ ಹೋಗುತ್ತಿತ್ತು. ಮೇಷ್ಟ್ರು ಯಾವ ಶಾಲೆಯಲ್ಲೂ ಪಾಠ ಹೇಳಿದವರಲ್ಲ. ಕೇಳಿದರೂ ಕೇಳದಿದ್ದರೂ ವಿವರಿಸುವ ಚಟಕ್ಕೆ ಅಂಟಿಕೊಂಡ ಹೆಸರು ಅದು.

ಪುಟ್ಟಿ ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರು ಅವಳಿಗೆ ಎರಡು ಗಾಜಿನ ತಟ್ಟೆ ತೋರಿಸಿದ್ದರು. ಒಂದರಲ್ಲಿ ಕ್ರಿಮಿ, ಇನ್ನೊಂದರಲ್ಲಿ ಮೂಳೆ ಕಟ್ಟುವ ಜೀವಕಣ. "ಈ ತಟ್ಟೇಲಿರೋದು ಸಾಯಬೇಕು, ಆ ತಟ್ಟೇಲಿರೋದು ಬದುಕಬೇಕು. ಅಷ್ಟೇ ನಮ್ಮ ಕೆಲಸ. ಬೆಳ್ಳಿಗೆ ಕಣ್ಣಿಲ್ಲಮ್ಮ. ಇವನು ಕಳ್ಳ, ಇವನು ಮನೆಯವನು ಅಂತ ಅದಕ್ಕೆ ಗೊತ್ತಾಗಲ್ಲ. ಅಳತೆ ಮೀರಿದ್ರೆ ಇಬ್ಬರನ್ನೂ ತಿನ್ನುತ್ತೆ."

ಅತಿಯಾದರೆ ಅಮೃತವೂ ವಿಷ ಎಂದು ಹೇಳಿಕೊಡುವುದಕ್ಕೆ ಎರಡು ತಟ್ಟೆ ಬೇಕೇ ಎಂದು ಪುಟ್ಟಿ ಅಂದು ಒಳಗೊಳಗೇ ನಕ್ಕಿದ್ದಳು. ತಲೆಗೆ ಹತ್ತುವುದು ಬೇರೆ, ಕೈಗೆ ಹತ್ತುವುದು ಬೇರೆ.

ಅಕ್ಕ ಬಿದ್ದದ್ದು ದೊಡ್ಡ ಕಾರಣಕ್ಕೇನೂ ಅಲ್ಲ. ಕನ್ನಡಿಯ ಮೇಲಿನ ದೀಪ ಬದಲಿಸಲು ತಿರುಗುವ ಕುರ್ಚಿ ಹತ್ತಿದಳು. ಕುರ್ಚಿ ತನ್ನ ಧರ್ಮ ತಾನು ಬಿಡದೆ ತಿರುಗಿತು. ಮೊಣಕಾಲಿನ ಸ್ವಲ್ಪ ಮೇಲೆ ತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಅವಸರಕ್ಕೆ ಸಿಕ್ಕ, ಲೇಪವಿಲ್ಲದ ಮಾಮೂಲಿ ಪಟ್ಟಿ ಹಾಕಿ ಕೂಡಿಸಿದರು. ಹೊಲಿಗೆ ಬಿಚ್ಚುವ ಮೊದಲೇ ಕೀವು ಬಂತು. ತೊಳೆದರು, ಮತ್ತೆ ಬಂತು. ಪಟ್ಟಿ ತೆಗೆದರು, ಕೆಟ್ಟ ಮೂಳೆ ಕೊರೆದರು, ತಿಂಗಳುಗಟ್ಟಲೆ ಚುಚ್ಚುಮದ್ದು ಕೊಟ್ಟರು. ಇನ್ನೇನು ಒಣಗಿತು ಎನ್ನುವಾಗ ಮತ್ತೆ ಬಂತು.

ಗಾಯದ ಬಟ್ಟೆ ಬದಲಿಸುವುದು ಪುಟ್ಟಿಯ ಪಾಲಿನ ಕೆಲಸವಾಯಿತು. ಆ ವಾಸನೆ ಅವಳ ಮೂಗು ಬಿಟ್ಟು ಹೋಗಲೇ ಇಲ್ಲ. ಬಸ್ಸಿನಲ್ಲಿ ಕಿಟಕಿಯ ಪಕ್ಕ ಕೂತರೂ ಬರುತ್ತಿತ್ತು, ಊಟಕ್ಕೆ ಕೂತರೂ ಬರುತ್ತಿತ್ತು. ಅಕ್ಕ ಹಲ್ಲು ಕಚ್ಚಿ ಗೋಡೆ ನೋಡುತ್ತಿದ್ದಳು. ಒಂದು ದಿನ ಮಾತ್ರ, "ಮೂಗು ಮುಚ್ಕೊಳ್ಳೇ ಪುಟ್ಟಿ. ನನ್ನ ಕಾಲು ನನಗೇ ಸಹಿಸಕ್ಕಾಗ್ತಿಲ್ಲ" ಎಂದು ಬಿಕ್ಕಿ ಬಿಕ್ಕಿ ಅತ್ತಳು. ಅಮ್ಮ ಹೋದಾಗಲೂ ಪುಟ್ಟಿಯ ಎದುರಿಗೆ ಅಳದಿದ್ದವಳು. ಈ ಕಾಲನ್ನು ಹೇಗಾದರೂ ಉಳಿಸಬೇಕು ಎಂಬುದೊಂದೇ ಪುಟ್ಟಿಯ ಜಪವಾಯಿತು.

ಅಂತೂ ಒಂದು ದಿನ ಕ್ರಿಮಿ ಹೋಗಿದೆ ಎಂದು ಡಾಕ್ಟರು ಹೇಳಿದರು. ಆದರೆ ಅಷ್ಟು ಮೂಳೆ ಕೊರೆದು ತೆಗೆದ ಮೇಲೆ ಅಕ್ಕನ ಅಳತೆಗೇ ಮಾಡಿಸಿದ ದೊಡ್ಡ ಕೀಲು ಬೇಕಿತ್ತು. ಅದರ ಉದ್ದನೆಯ ಕಡ್ಡಿ ಉಳಿದ ಮೂಳೆಯೊಳಗೆ ಕೂರಬೇಕು, ಮೂಳೆ ಬೆಳೆದು ಕಡ್ಡಿಯನ್ನು ಹಿಡಿದುಕೊಳ್ಳಬೇಕು. "ಇದು ಕೊನೇ ಅವಕಾಶ" ಎಂದರು ಡಾಕ್ಟರು. "ಮತ್ತೆ ಕೀವಾದ್ರೆ ಕಾಲು ತೆಗೀಬೇಕಾಗುತ್ತೆ."

ಅಕ್ಕ ಡಾಕ್ಟರ ತಲೆಯನ್ನೇ ನೋಡುತ್ತಿದ್ದಳು. "ಅದಿರ್ಲಿ, ನಿಮಗೆ ಕೂದಲು ಕತ್ತರಿಸಿದೋರು ಯಾರು? ಮೊದಲು ಅವರ ಕೈ ತೆಗೀರಿ."

ಕೀಲು ಮೂಳೆ ಕಾರ್ಖಾನೆಯಲ್ಲೇ ತಯಾರಾಯಿತು. ಲೇಪನಕ್ಕೆ ಬಂದ ದಿನ ಮೇಷ್ಟ್ರೇ ಅದನ್ನು ಮಗುವಿನಂತೆ ಎರಡೂ ಕೈಯಲ್ಲಿ ಹಿಡಿದು ತಂದರು. "ನಿಮ್ಮಕ್ಕಂದು. ನಿಮ್ಮ ಕೈಯಲ್ಲೇ ಆಗ್ಲಿ" ಎಂದರು. ಒಳ್ಳೆಯ ಮನಸ್ಸಿನಿಂದಲೇ ಅಂದರು, ಪಾಪ.

ಪುಟ್ಟಿ ಕೀಲನ್ನು ತೊಳೆದಳು. ಕಡ್ಡಿಯ ಮೈ ಮರಳಿನಷ್ಟು ಒರಟು, ಮೂಳೆಗೆ ಹಿಡಿತ ಸಿಗಲೆಂದು. ಕೈಗವಸಿನ ಮೇಲಿಂದಲೇ ಅದನ್ನು ಸವರಿದಳು. ಅಕ್ಕ ಮುದುಕಿಯಾಗುವವರೆಗೂ ಇದು ಅವಳ ತೊಡೆಯೊಳಗಿರುತ್ತದೆ, ಇದರ ಮೇಲೆ ನಿಂತೇ ಅವಳು ನೂರಾರು ತಲೆ ನೋಡುತ್ತಾಳೆ. ಒಂದು ಕೊಕ್ಕೆಗೆ ಕೀಲು, ಪಕ್ಕದ ಕೊಕ್ಕೆಗೆ ಸಾಕ್ಷಿಬಿಲ್ಲೆ. ಎರಡನ್ನೂ ಇಳಿಬಿಟ್ಟು ಸ್ವಿಚ್ಚು ಹಾಕಿದಳು.

ಗಂಟೆ ಹೊಡೆಯಿತು. ಇಷ್ಟು ವರ್ಷ ಆ ಸದ್ದಿಗೆ ಅವಳ ಕೈ ತಾನಾಗಿಯೇ ಏಳುತ್ತಿತ್ತು. ಅಂದು ಏಳಲಿಲ್ಲ. ಎಲ್ಲಿಂದಲೋ ಆ ವಾಸನೆ ಬಂತು. ಈ ಅಳತೆ ಗೊತ್ತು ಮಾಡಿದವರು ನಮ್ಮಕ್ಕನ ಗಾಯ ನೋಡಿದ್ದಾರಾ? ತಟ್ಟೆಯಲ್ಲಿ ಸಾಕಿದ ಕ್ರಿಮಿ ಎಲ್ಲಿ, ಅಷ್ಟು ಮದ್ದು ಕುಡಿದು ಮತ್ತೆ ಮತ್ತೆ ಎದ್ದು ಬಂದ ಆ ಪಾಪಿ ಎಲ್ಲಿ? ಎಲ್ಲೋ ಮೂಲೆಯಲ್ಲಿ ಒಂದು ಉಳಿದಿದ್ದರೂ ಸಾಕಲ್ಲ.

ಚಿಮುಟದಲ್ಲಿ ಬಿಲ್ಲೆಯೊಂದನ್ನೇ ಎತ್ತಿ, ತೊಳೆದು, ಒಣಗಲು ಇಟ್ಟಳು. ಬಿಲ್ಲೆಯ ಮೇಲೆ ಬೆಳ್ಳಿ ದಪ್ಪವಾದರೆ ಮೇಷ್ಟ್ರು ಕೀಲನ್ನು ಬೇಡವೆನ್ನುತ್ತಾರೆ ಎಂದು ಅವಳಿಗೆ ಗೊತ್ತಿತ್ತು. ಕೀಲು ದ್ರವದಲ್ಲೇ ತೂಗುತ್ತಿತ್ತು, ಸಣ್ಣ ಸಣ್ಣ ಗುಳ್ಳೆ ಬಿಡುತ್ತ. ಇನ್ನೊಂದು ಚಮಚ, ಎಂದುಕೊಂಡಳು ಪುಟ್ಟಿ. ಸ್ವಲ್ಪ ಹೊತ್ತಾಯಿತು. ಇನ್ನೊಂದೇ ಒಂದು, ಎಂದುಕೊಂಡಳು.

ಕೇಡು ಮಾಡುವವರ ಕೈ ನಡುಗುತ್ತದೆ ಎನ್ನುತ್ತಾರೆ. ಅವಳ ಕೈ ನಡುಗಲೇ ಇಲ್ಲ. ಕೊನೆಗೆ ಎತ್ತಿದಾಗ ಕೀಲು ಎಂದಿಗಿಂತ ತುಸು ಮಂಕಾಗಿ ಬೂದುಬಣ್ಣಕ್ಕಿತ್ತು. ಹೊದಿಕೆ ದಪ್ಪಗಿದೆ, ಅಕ್ಕ ಬೆಚ್ಚಗಿರುತ್ತಾಳೆ ಎಂದು ಅವಳಿಗೆ ಸಮಾಧಾನವೇ ಆಯಿತು. ತಾನೇ ಡಬ್ಬಿಗೆ ಹಾಕಿ ಮುಚ್ಚಿದಳು. ಮೇಷ್ಟ್ರು ಬಿಲ್ಲೆ ನೋಡಿ ಹೂಂ ಎಂದರು.

ಮೊದಮೊದಲು ಎಲ್ಲವೂ ಅವಳೆಣಿಸಿದ ಹಾಗೇ ಆಯಿತು. ಗಾಯ ಒಣಗಿತು. ಜ್ವರವಿಲ್ಲ, ಕೀವಿಲ್ಲ, ವಾಸನೆಯಿಲ್ಲ. ಅಕ್ಕ ಊರುಗೋಲು ಹಿಡಿದು ಎದ್ದಳು, ಆಮೇಲೆ ಊರುಗೋಲು ಬಿಟ್ಟಳು, ಆಮೇಲೆ ಅಂಗಡಿಯ ಬಾಗಿಲು ತೆರೆದಳು. "ಎಲ್ಲರೂ ಬೆಳ್ಳೀನ ಮೈಮೇಲೆ ಹಾಕ್ಕೋತಾರೆ. ನನ್ನ ತಂಗಿ ನನಗೆ ಒಳಗೇ ಹಾಕಿಸಿದಾಳೆ. ಕಳ್ಳರ ಭಯವೇ ಇಲ್ಲ!" ಎಂದು ಬಂದವರಿಗೆಲ್ಲ ಸಾರಿದಳು. ಸಂಜೆ ಪುಟ್ಟಿ ಕೆಲಸದಿಂದ ಬಂದರೆ ಪರದೆಯ ಹಿಂದೆ ಚಹಾ ಕಾಯುತ್ತಿರುತ್ತಿತ್ತು, ಬಾಯಿ ಕಟ್ಟುವಷ್ಟು ಸಿಹಿ. ಪುಟ್ಟಿ ಗೊಣಗದೆ ಕುಡಿಯುತ್ತಿದ್ದಳು. ಅವಳ ಬದುಕಿನಲ್ಲಿ ಅದಕ್ಕಿಂತ ಒಳ್ಳೆಯ ದಿನಗಳು ಮೊದಲೂ ಇರಲಿಲ್ಲ, ಮುಂದೆಯೂ ಬರಲಿಲ್ಲ.

ನೋವು ಮೆಲ್ಲಗೆ ಬಂತು. ಮೊದಲು ಸಂಜೆ ಹೊತ್ತು ಮಾತ್ರ. ಆಮೇಲೆ ಕುರ್ಚಿಯಿಂದ ಎದ್ದಾಗೆಲ್ಲ. "ಒಳಗೆ ಹಾಲುಹಲ್ಲು ಅಲ್ಲಾಡಿದ ಹಾಗಾಗುತ್ತೆ ಕಣೇ" ಎಂದಳು ಅಕ್ಕ. ಎಕ್ಸ್-ರೇಯಲ್ಲಿ ಕಡ್ಡಿಯ ಸುತ್ತ ಒಂದು ಕಪ್ಪು ಗೆರೆ ಕಂಡಿತು. ಮೂಳೆ ಕಡ್ಡಿಯನ್ನು ಹಿಡಿದುಕೊಂಡೇ ಇರಲಿಲ್ಲ. ಡಾಕ್ಟರು ಸೂಜಿ ಹಾಕಿ ನೀರು ತೆಗೆದು ಪರೀಕ್ಷೆ ಮಾಡಿಸಿದರು. "ಕ್ರಿಮಿ ಒಂದೂ ಇಲ್ಲ. ಆದರೂ ಯಾಕೆ ಹಿಡಿದಿಲ್ಲ ಅಂತ ನನಗೆ ಅರ್ಥ ಆಗ್ತಿಲ್ಲ."

ಪುಟ್ಟಿಗೆ ಅರ್ಥವಾಯಿತು. ಮೇಷ್ಟ್ರ ಎರಡನೆಯ ತಟ್ಟೆ ಕಣ್ಣೆದುರು ಬಂದು ನಿಂತಿತು. ಆಸ್ಪತ್ರೆಯ ಗೋಡೆಗೆ ಒರಗಿ ನಿಂತಳು. ಅಕ್ಕನೇ ಅವಳ ಬೆನ್ನು ಸವರಿದಳು. "ನೀನ್ಯಾಕೆ ಮುಖ ಸಣ್ಣ ಮಾಡ್ಕೋತೀಯ? ಸ್ವಲ್ಪ ದಿನ ನೋಡೋಣ ಅಂದಿದಾರಲ್ಲ."

ಆ ಸ್ವಲ್ಪ ದಿನವೂ ಮುಗಿಯಲಿಲ್ಲ. ಒಬ್ಬಳ ಕೂದಲು ಕತ್ತರಿಸುತ್ತಿರುವಾಗಲೇ ಅಕ್ಕ ಕುಸಿದಳು. ಬೀಳುವಾಗಲೂ ಗಿರಾಕಿಗೆ ತಾಗದಿರಲೆಂದು ಕತ್ತರಿ ಹಿಡಿದ ಕೈಯನ್ನು ದೂರ ಚಾಚಿದ್ದಳಂತೆ. ಸಡಿಲ ಕಡ್ಡಿ ಉಳಿದ ಮೂಳೆಯನ್ನು ಉದ್ದಕ್ಕೂ ಸೀಳಿತ್ತು. ಇನ್ನೊಂದು ಕೀಲು ಕೂರಿಸಲು ಜಾಗವೇ ಇರಲಿಲ್ಲ. ಕಾಲು ತೆಗೆದರು. ಕೀವಿಗೆ ಹೆದರಿ ಕಾದದ್ದಾಯಿತು, ಕಾಲು ಕಾಪಾಡಿದವಳ ಕೈಯಿಂದಲೇ ಹೋಯಿತು.

ಮೈಯಿಂದ ಹೊರಬಂದ ಕೀಲುಗಳನ್ನು ತೊಳೆದು ಕಾರ್ಖಾನೆಗೆ ಕಳಿಸುವುದು ರೂಢಿ, ಏನು ಕೆಟ್ಟಿತೆಂದು ನೋಡಲು. ಅಕ್ಕನದೂ ಬಂತು. ಮೇಷ್ಟ್ರು ಪುಟ್ಟಿಯನ್ನು ಒಳಗೆ ಕರೆದು ಬಾಗಿಲು ಹಾಕಿದರು. ಮೇಜಿನ ಮೇಲೆ ಕೀಲು ಮಲಗಿತ್ತು. ಅಷ್ಟು ದಿನ ಮೂಳೆಯೊಳಗಿದ್ದರೂ ಅದರ ಒರಟು ಮೈಗೆ ಒಂದು ಚೂರು ಮೂಳೆ ಅಂಟಿರಲಿಲ್ಲ.

"ಸಾಕ್ಷಿಬಿಲ್ಲೆ ಮತ್ತೆ ತೆಗೆದು ನೋಡಿದೆ. ಸರಿಯಾಗಿದೆ" ಎಂದರು ಮೇಷ್ಟ್ರು. "ಕೀಲಿನ ಮೇಲೆ ಅದರ ಎರಡರಷ್ಟು ಬೆಳ್ಳಿ ಇದೆ. ಒಂದೇ ತೊಟ್ಟೀಲಿ ಮಿಂದವು. ಇದು ಹೇಗಾಯ್ತಮ್ಮ?"

"ಬಿಲ್ಲೆ ಮೊದಲು ತೆಗೆದೆ ಮೇಷ್ಟ್ರೇ."

ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದರು. ಬೈದಿದ್ದರೆ ಚೆನ್ನಾಗಿತ್ತು.

"ನಾನು ವರದಿ ಕೊಡ್ಲೇಬೇಕು. ಅದು ಆಸ್ಪತ್ರೆಗೆ ಹೋಗುತ್ತೆ, ಅಲ್ಲಿಂದ ನಿಮ್ಮಕ್ಕನಿಗೆ. ನಿಮ್ಮ ಕೆಲಸನೂ ಉಳಿಯಲ್ಲ."

"ಕೆಲಸ ಹೋಗ್ಲಿ ಬಿಡಿ."

"ಡಾಕ್ಟರ ಬಾಯಿಂದ ಕೇಳೋದಕ್ಕಿಂತ ಮೊದಲು ನೀವೇ ಹೇಳಿ. ನಾನು ನಾಳೆ ಕಳಿಸ್ತೀನಿ." ಅಷ್ಟೇ ಅವರಿಂದ ಕೊಡಲಾದದ್ದು.

ಪುಟ್ಟಿ ಮಧ್ಯಾಹ್ನವೇ ಮನೆಗೆ ಬಂದಳು. ಅಂಗಡಿಯಲ್ಲಿ ಗಿರಾಕಿ ಇರಲಿಲ್ಲ. ಅಕ್ಕ ಗಾಲಿಕುರ್ಚಿಯಲ್ಲಿ ಕೂತು ಬ್ರಷ್ಷಿಗೆ ಸಿಕ್ಕ ಕೂದಲು ಬಿಡಿಸುತ್ತಿದ್ದಳು. ಕನ್ನಡಿಯನ್ನು ಎತ್ತರದ ತಿರುಗುವ ಕುರ್ಚಿಗಳ ಮಟ್ಟಕ್ಕೆ ಹಾಕಿದ್ದರಿಂದ ಅದರಲ್ಲಿ ಈಗ ಅಕ್ಕನ ಮುಖ ಕಾಣುತ್ತಿರಲಿಲ್ಲ, ನೆತ್ತಿಯಷ್ಟೇ ಕಾಣುತ್ತಿತ್ತು.

"ಇಷ್ಟು ಬೇಗ ಬಂದ್ಯಾ? ಮುಖ ಯಾಕೆ ಹಾಗಿದೆ? ಆ ಕೀಲು ಬಂತಾ?" ಅಕ್ಕ ಅವಳ ಮುಖ ಓದುವುದರಲ್ಲಿ ಯಾವಾಗಲೂ ಮುಂದು. "ನಿನ್ನ ಕೆಲಸಕ್ಕೆ ಯಾರಾದ್ರೂ ಹೆಸರಿಟ್ರಾ? ಇಟ್ರೆ ನನ್ನ ಹತ್ರ ಕಳ್ಸು. ಒಂದು ಕ್ರಿಮಿ ಇರ್ಲಿಲ್ಲ ಅಂತ ಡಾಕ್ಟರೇ ಹೇಳಿದಾರೆ. ನಿನ್ನ ಬೆಳ್ಳಿ ನಿಯತ್ತಾಗಿತ್ತು ಕಣೇ. ನನ್ನ ಮೂಳೆನೇ ಸೋಮಾರಿ, ಮೈಗಳ್ಳ ಮುಂಡೇದು."

ಕಾಲು ಹೋದಂದಿನಿಂದ ಅವಳು ಹೀಗೇ ಹೇಳುತ್ತಿದ್ದಳು, ತಂಗಿಗೆ ನೋವಾಗದಿರಲೆಂದು. ಪುಟ್ಟಿಗೆ ಅದು ಬಾಯಲ್ಲಿಟ್ಟ ಬಿಸಿ ತುಪ್ಪ, ನುಂಗುವಂತಿಲ್ಲ, ಉಗುಳುವಂತಿಲ್ಲ.

"ನಿನ್ನ ಮೂಳೆ ಸೋಮಾರಿ ಅಲ್ಲಕ್ಕ" ಎಂದಳು. "ಬೆಳ್ಳಿ ಜಾಸ್ತಿ ಆಯ್ತು. ನಾನೇ ಜಾಸ್ತಿ ಹಾಕ್ದೆ. ಗಂಟೆ ಹೊಡೆದ ಮೇಲೂ ತೆಗೀಲಿಲ್ಲ. ಜಾಸ್ತಿ ಆದ್ರೆ ಅದು ಮೂಳೆನೂ ಬೆಳೆಯಕ್ಕೆ ಬಿಡಲ್ಲ."

ಬ್ರಷ್ಷಿನ ಮೇಲೆ ಅಕ್ಕನ ಬೆರಳು ನಿಂತಿತು. "ನಿಂಗದು ಗೊತ್ತಿರ್ಲಿಲ್ಲ."

"ಗೊತ್ತಿತ್ತು."

"ಗೊತ್ತಿದ್ದೂ ಹಾಕ್ದೆಯಾ?"

"ಮತ್ತೆ ಕೀವಾದ್ರೆ ಅಂತ ಹೆದರಿಕೆ ಆಯ್ತಕ್ಕ. ನಿನ್ನ ಕಾಲು ಹೋಗ್ಬಿಡುತ್ತೆ ಅಂತ. ಇನ್ನು ಸ್ವಲ್ಪ ಇರ್ಲಿ ಅಂತ..." ಆಮೇಲೆ ಆಡಬಾರದ್ದು ಬಾಯಿಂದ ಜಾರಿತು. "ನೀನೂ ನಂಗೆ ಯಾವಾಗ್ಲೂ ಒಂದು ಚಮಚ ಜಾಸ್ತಿನೇ ಹಾಕ್ತಿದ್ಯಲ್ಲ."

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ತಪ್ಪನ್ನು ಅಕ್ಕನ ಮೇಲೆ ಹಾಕಬೇಕೆಂದು ಅವಳು ಅಂದದ್ದಲ್ಲ. ಆದರೆ ಆ ಮಾತು ಹೋಗಿ ನೆಟ್ಟದ್ದು ಅಲ್ಲೇ. ಅಕ್ಕನ ಮುಖದಲ್ಲಿ ಏನೋ ಆರಿತು.

ರಸ್ತೆಯಲ್ಲಿ ಯಾರದೋ ಸೈಕಲ್ಲಿನ ಗಂಟೆ ಕೇಳಿಸಿತು. ಅಕ್ಕ ಬ್ರಷ್ಷನ್ನು ಮಡಿಲಲ್ಲಿ ಇಟ್ಟುಕೊಂಡಳು, ಮೊದಲು ಎರಡು ಕಾಲಿದ್ದ ಮಡಿಲು.

"ಇಷ್ಟು ದಿನ ನನ್ನ ಮೈನೇ ಬೈಕೊಂಡೆ ಕಣೇ" ಎಂದಳು, ತನಗೇ ಹೇಳಿಕೊಳ್ಳುವಂತೆ. "ರಾತ್ರಿ ಎಚ್ಚರಾದಾಗೆಲ್ಲ ಬೈಕೊಂಡೆ. ದ್ರೋಹಿ, ನನ್ನ ತಂಗಿ ಅಷ್ಟು ಮಾಡಿದ್ರೂ ನಿಂಗೆ ಹಿಡ್ಕೊಳಕ್ಕಾಗ್ಲಿಲ್ವಾ ಅಂತ. ಈಗ ಯಾರನ್ನ ಬೈಲಿ?"

"ನನ್ನ ಬೈಯಕ್ಕ. ಹೊಡಿ. ಮನೆಯಿಂದ ಆಚೆ ಹಾಕು."

"ನಿನ್ನ ಬೈಯೋದು ನಂಗೆ ಬರಲ್ವಲ್ಲೇ" ಎಂದಳು ಅಕ್ಕ. ಅವಳ ಕಣ್ಣಿಂದ ನೀರು ಸುಮ್ಮನೆ ಇಳಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. ಪುಟ್ಟಿ ಹತ್ತಿರ ಹೋಗಿ ನೆಲದ ಮೇಲೆ ಕೂತು ಅವಳ ಉಳಿದ ಕಾಲನ್ನು ಅಪ್ಪಿಕೊಂಡಳು. ಅಕ್ಕನ ಕೈ ಎಂದಿನಂತೆ ಅವಳ ತಲೆಯ ಮೇಲೆ ಬರಲು ಹೊರಟಿತು. ಅರ್ಧಕ್ಕೆ ನಿಂತಿತು. ಕುರ್ಚಿಯ ಗಾಲಿಯ ಮೇಲೆ ಹೋಗಿ ಕೂತಿತು.

"ಬಿಡು. ಚಹಾ ಮಾಡ್ತೀನಿ."

"ನಾನು ಮಾಡ್ತೀನಕ್ಕ."

"ಕೂತ್ಕೋ ಅಂದೆ."

ಗಾಲಿಕುರ್ಚಿ ಪರದೆಯನ್ನು ತಳ್ಳಿಕೊಂಡು ಒಳಗೆ ಹೋಯಿತು. ಒಲೆ ಹತ್ತಿದ ಸದ್ದು, ಪಾತ್ರೆಯ ಸದ್ದು, ನೀರು ಕುದಿಯುವ ಸದ್ದು. ಪುಟ್ಟಿ ನೆಲದ ಮೇಲೆಯೇ ಕೂತಿದ್ದಳು, ಸುತ್ತ ಬ್ರಷ್ಷಿನಿಂದ ಬಿಡಿಸಿ ಹಾಕಿದ ಕೂದಲು. ಪರದೆಯ ಸಂದಿಯಿಂದ ಅಕ್ಕನ ಬೆನ್ನು ಕಾಣುತ್ತಿತ್ತು. ಅಕ್ಕ ಎರಡು ಲೋಟ ಇಟ್ಟು ಚಹಾ ಸೋಸಿದಳು, ಸಕ್ಕರೆಯ ಡಬ್ಬಿ ತೆರೆದಳು. ಚಮಚ ಡಬ್ಬಿಯೊಳಗಿತ್ತು, ಕೈ ಚಮಚದ ಮೇಲಿತ್ತು, ಕೈ ಮೇಲೇಳಲಿಲ್ಲ.

"ಪುಟ್ಟೀ" ಎಂದಳು, ತಿರುಗದೆಯೇ. "ನಿಂಗೆ ಸಕ್ಕರೆ ಎಷ್ಟು ಹಾಕ್ಲಿ?"

ನೆಂಟರನ್ನು ಕೇಳುವ ಪ್ರಶ್ನೆ. ಹುಟ್ಟಿದಾಗಿನಿಂದ ಅಕ್ಕ ಅವಳನ್ನು ಹಾಗೆ ಕೇಳಿರಲಿಲ್ಲ.

"ಎರಡು" ಎಂದಳು ಪುಟ್ಟಿ.

ಅಕ್ಕ ಒಂದು ಹಾಕಿದಳು. ಇನ್ನೊಂದು ಹಾಕಿದಳು. ಪುಟ್ಟಿ ಮೂರನೆಯದಕ್ಕೆ ಕಾದಳು. ಡಬ್ಬಿಯ ಮುಚ್ಚಳ ಹಾಕುವ ಸದ್ದು ಕೇಳಿಸಿತು.